ಪ್ರತಿಭೆಗೆ ಹೆಗಲುಕೊಟ್ಟ ಪಾಂಡಿತ್ಯ

ಕಾವ್ಯಕ್ಕೆ ಪ್ರತಿಭೆಯೂ ವ್ಯುತ್ಪತ್ತಿಯೂ ಕಾರಣಗಳೆಂದು ನಮ್ಮ ಆಲಂಕಾರಿಕರು ಹೇಳಿರುವರು. ಮೊದಲನೆಯದು ಹುಟ್ಟಿನಿಂದ ಬಂದದ್ದು. ಎರಡನೆಯದು ಓದಿನಿಂದ ಸಂಪಾದಿಸಿದ್ದು. ಇವೆರಡೂ ಬೇರೆ ಬೇರೆ ಜನರಲ್ಲಿದ್ದರೆ ಹೇಗೆ ಕೂಡಿ ಬಾಳಬೇಕೆಂಬುದಕ್ಕೆ ಆಂಗ್ಲದೇಶದ ಜಾರ್ಜ್ ಮಾರ್ಟಿನ್ ಎಂಬಾತನ ಜೀವನವು ಒಳ್ಳೆಯ ನಿದರ್ಶನ.

ಈತನು ೧೯೨೬ರಲ್ಲಿ ಲಂಡನ್ ನಗರದಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದನು. ಯುದ್ಧಕಾಲದಲ್ಲಿ ನೌಕಾದಳದ ವಿಮಾನವಿಭಾಗದಲ್ಲಿದ್ದು, ಅನಂತರ ಗಿಲ್ಡ್‌ಹಾಲ್ ಸಂಗೀತಶಾಲೆಯಲ್ಲಿ ೧೯೪೭ರಿಂದ ಮೂರು ವರ್ಷ ಶಾಸ್ತ್ರೋಕ್ತವಾಗಿ ಅಭ್ಯಾಸಮಾಡಿದನು. ೧೯೫೦ರಲ್ಲಿ ಇ.ಎಂ.ಐ. ಎಂಬ ಗ್ರಾಮಫೋನ್ ಸಂಸ್ಥೆಯ ಪಾರ್ಲೊಫೋನ್ ವಿಭಾಗವನ್ನು ಸೇರಿ, ೧೯೫೫ರಲ್ಲಿ ಅದರ ಮುಖ್ಯಸ್ಥನಾದನು.

ಬೇರೊಂದು ಕಂಪೆನಿಯು ಬೇಡವೆಂದು ಕಳುಹಿಸಿದ್ದ ಲಿವರ್‌ಪೂಲಿನ ಬೀಟಲ್ಸ್ ತಂಡದ ತರುಣರು ಆತನ ಬಳಿಗೆ ಬಂದದ್ದು ೧೯೬೨ರಲ್ಲಿ. ಅವರು ಸ್ವರಲಿಪಿಯನ್ನು ಓದಲರಿಯದವರು. ಅವರ ಹಾಡುಗಳು ಮೊದಲು ಆತನಿಗೆ ಅಷ್ಟಾಗಿ ರುಚಿಸಲೂ ಇಲ್ಲ. ಆದರೂ ಅವರ ಚುರುಕುತನವನ್ನೂ ವಿನೋದವನ್ನೂ ಮೆಚ್ಚಿ ಅವಕಾಶವಿತ್ತನು.

೧೯೬೫ರಲ್ಲಿ ಮೆಕಾರ್ಟ್ನಿಯ ‘ಯೆಸ್ಟರ್‌ಡೇ’ ಎಂಬ ಹಾಡಿಗೆ ತಂತಿವಾದ್ಯಗಳು ಬೇಕೆಂದು ಮಾರ್ಟಿನನಿಗೆ ತೋರಿತು. ಹಾಡು ಅತಿಮಧುರವಾಗಿ ಕೆಟ್ಟೀತೆಂದು ತರುಣನು ಹಿಂಜರಿದನು. ಮಾರ್ಟಿನನು ದೊಡ್ಡ ಮೇಳವನ್ನು ಬಿಟ್ಟು, ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಇಷ್ಟರಿಂದಲೇ ತೃಪ್ತನಾಗಿ, ಆ ತರುಣನೊಡನೆ ಕುಳಿತು ಸ್ವರಲಿಪಿಯನ್ನು ಬರೆದನು. ಸ್ವರಗಳನ್ನು ನಡುಗಿಸದೆ ನುಡಿಸಬೇಕೆಂಬ ಅವನ ಕೋರಿಕೆಗೂ ಕಿವಿಗೊಟ್ಟನು. ೧೯೬೭ರಲ್ಲಿ ಹ್ಯಾರಿಸನ್ ಎಂಬ ಇನ್ನೊಬ್ಬನು ಭಾರತೀಯ ಧಾಟಿಯಲ್ಲಿ ಹಾಡು ಕಟ್ಟಿದಾಗ, ನಮ್ಮ ದಿಲ್‌ರುಬಾದ ಜಾರುಸ್ವರಗಳನ್ನು ಪಾಶ್ಚಾತ್ಯ ವಾದಕರು ಹಿಂಬಾಲಿಸುವಂತೆ ಲಿಪಿಯನ್ನು ಸಿದ್ಧಪಡಿಸಿದವನೂ ಈತನೇ.

ಹಾಡುಗಳು ಲೋಕವನ್ನೆಲ್ಲ ಸುತ್ತಿದರೂ ಆತನಿಗೆ ದೊರೆತದ್ದು ಬರಿಯ ಸಂಬಳ. ಆದುದರಿಂದ ೧೯೬೫ರಲ್ಲಿ ಕೆಲಸವನ್ನು ಬಿಟ್ಟು ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದನು. ಬೀಟಲ್ಸರ ಕೈಯನ್ನು ಮಾತ್ರ ಬಿಡಲಿಲ್ಲ. ವರ್ಷಾನುವರ್ಷ ಗಟ್ಟಿಯಾದ ಧ್ವನಿಯನ್ನು ಆಲಿಸಿದುದರಿಂದ ಕಿವಿ ಮಂದವಾದಾಗ ಮಗನೇ ತಂದೆಗೆ ಕಿವಿಯಾದನು. ಇಬ್ಬರೂ ಕೂಡಿ ಆ ಹಳೆಯ ಹಾಡುಗಳನ್ನು ಹೊಸದಾಗಿ ಹೆಣೆದ ‘ಲವ್’ ೨೦೦೬ರಲ್ಲಿ ಹೊರಬಂದಿತು. ೧೯೯೬ರಲ್ಲಿ ‘ಸರ್’ ಪದವಿಯನ್ನು ಪಡೆದಿದ್ದ ಮಾರ್ಟಿನನು ೨೦೧೬ರಲ್ಲಿ, ತನ್ನ ೯೦ನೆಯ ವಯಸ್ಸಿನಲ್ಲಿ ಕಾಲವಾದನು.

ಬಲ್ಲವನು ತಾನು ಬಲ್ಲುದನ್ನೆಲ್ಲ ಹೇರದೆ, ಬೇಕಾದಷ್ಟನ್ನೇ ನೀಡುವುದು ಸುಲಭವಲ್ಲ. ಬಹುಕಾಲ ಪಾಠ ಹೇಳಿದ ನಾನು, ಹುಡುಗರ ತಪ್ಪುಗಳನ್ನು ತಿದ್ದುವ ಅವಸರದಲ್ಲಿ ಅವರ ಸ್ವಂತ ಮಾತನ್ನೂ ಅಳಿಸಿದ್ದುಂಟು. ಆ ಕೆಂಪು ಶಾಯಿಯ ಗೆರೆಗಳು ಈಗ ನೆನಪಿಗೆ ಬರುತ್ತವೆ.