ಹತ್ತು ಡ್ರಮ್, ಒಂದೇ ಪೆಟ್ಟು

ಇಲ್ಲಿ ಅಮೆರಿಕದಲ್ಲಿ ಮಗಳು ಆರನೇ ತರಗತಿಗೆ ಬಂದ ವರ್ಷ ಶಾಲೆಯ ಬ್ಯಾಂಡಿಗೆ ಸೇರಿದಳು. ಟ್ರಂಪೆಟ್ ಬೇಡ, ಕ್ಲಾರಿನೆಟ್ ಬೇಡ, ಡ್ರಮ್ಮೇ ಬೇಕು ಎಂದು ಹಟ ಹಿಡಿದಳು. ಡ್ರಮ್ಮನ್ನು ಮನೆಗೆ ಕೊಡುವುದಿಲ್ಲ. ತಟ್ಟೆಯಗಲದ ಒಂದು ರಬ್ಬರ್ ಪ್ಯಾಡು, ಒಂದು ಜೊತೆ ಕೋಲು, ಅಷ್ಟೇ. ಬೇಸಿಗೆಯ ಒಂದು ಸಂಜೆ ಕಿಟಕಿ ತೆರೆದಿಟ್ಟು ಅವಳು ಬಾರಿಸುತ್ತಿದ್ದಾಗ ಪಕ್ಕದ ಮನೆಯ ಹಿರಿಯರು ಬಂದು ಬಾಗಿಲು ತಟ್ಟಿದರು. ಸದ್ದು ಜಾಸ್ತಿಯಾಯಿತೇನೋ ಎಂದು ನಾನು ಕ್ಷಮೆ ಕೇಳಲು ಹೊರಟೆ. ಅವರು ಬೇಡವೆಂದು ಕೈಯಾಡಿಸಿದರು. “ಸದ್ದು ಇರಲಿ. ಮಗುವಿನ ಎಡಗೈ ತಡವಾಗಿ ಬೀಳ್ತಾ ಇದೆ. ಈಗಲೇ ತಿದ್ದಬೇಕು, ಆಮೇಲೆ ಕಷ್ಟ” ಎಂದರು.

ಎರಡು ಅಂಗಳ, ಒಂದು ಬೇಲಿ ದಾಟಿ ಬಂದ ಸದ್ದಿನಲ್ಲಿ ಎಡಗೈ ತಡವಾದದ್ದು ಹೇಗೆ ಗೊತ್ತಾಯಿತು ಎಂಬ ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇ ಈ ಲೇಖನ. ಎಪ್ಪತ್ತು ದಾಟಿದ ಅವರನ್ನು ಮಗಳು ಈಗ ‘ಅಜ್ಜ’ ಎಂದೇ ಕರೆಯುತ್ತಾಳೆ. ಹನ್ನೊಂದನೇ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ಅಜ್ಜ ವಿಸ್ಕಾನ್ಸಿನ್‌ನ ಒಂದು ಸಣ್ಣ ಊರಿನ ಡ್ರಮ್ ಅಂಡ್ ಬ್ಯೂಗಲ್ ಕೋರ್‌ನಲ್ಲಿ ಸ್ನೇರ್ ಡ್ರಮ್ ಬಾರಿಸಿದವರು.

‘ಕೋರ್’ ಎಂದರೆ ದಳ. ಹೆಸರಲ್ಲೇ ಸೈನ್ಯವಿದೆ. ಒಂದು ಕಾಲಕ್ಕೆ ದಂಡಿನಲ್ಲಿ ಏಳುವುದು, ಉಣ್ಣುವುದು, ಮುನ್ನುಗ್ಗುವುದು ಎಲ್ಲವೂ ಡ್ರಮ್ಮಿನ ಪೆಟ್ಟು, ಬ್ಯೂಗಲ್ಲಿನ ಕೂಗಿನ ಮೇಲೆ ನಡೆಯುತ್ತಿತ್ತು. ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘ ಕಟ್ಟಿದರು. ಊರೂರಲ್ಲೂ ಅದರ ಶಾಖೆಗಳಾದವು. ದಂಡಿನಲ್ಲಿ ಬ್ಯೂಗಲ್ ಊದಿದವರು, ಡ್ರಮ್ ಬಾರಿಸಿದವರು ಆ ಶಾಖೆಗಳಲ್ಲಿ ಇದ್ದೇ ಇದ್ದರು. ಅವರು ಕೂಡಿ ಮೆರವಣಿಗೆ ದಳ ಮಾಡಿಕೊಂಡರು. 1921ರ ಹೊತ್ತಿಗೆ ರಾಷ್ಟ್ರಮಟ್ಟದ ಸ್ಪರ್ಧೆಯೂ ಶುರುವಾಯಿತು. ಮುಂದೆ ತಮ್ಮ ಮಕ್ಕಳಿಗೂ ದಳ ಕಟ್ಟಿಕೊಟ್ಟರು. ಚರ್ಚುಗಳು, ಸ್ಕೌಟ್ ತುಕಡಿಗಳೂ ಕಟ್ಟಿದವು. ಮ್ಯಾಡಿಸನ್ ಸ್ಕೌಟ್ಸ್ 1938ರದು, ಶಿಕಾಗೋದ ಕ್ಯಾವಲಿಯರ್ಸ್ 1948ರದು. ಮಿಶಿಗನ್ ಸರೋವರದ ದಂಡೆಯ ರೇಸೀನ್ ಊರಿನ ಕಿಲ್ಟೀಸ್ ದಳದವರು ಸ್ಕಾಟ್ಲೆಂಡಿನ ಕಿಲ್ಟ್ ಉಟ್ಟು ಮೈದಾನಕ್ಕಿಳಿಯುತ್ತಿದ್ದರು.

ಇದು ಶಾಲೆಯ ಬ್ಯಾಂಡಲ್ಲ. ಕ್ಲಾರಿನೆಟ್ಟಿಲ್ಲ, ಕೊಳಲಿಲ್ಲ. ಬ್ಯೂಗಲ್ಲು, ಡ್ರಮ್ಮು, ಬಾವುಟ ಹಿಡಿದವರು, ಇಷ್ಟೇ. ಬ್ಯೂಗಲ್ಲಿಗೆ ಕೊಂಬಿನ ಹಾಗೆ ಕೆಲವೇ ಸ್ವರ. ತುಂಬ ಕಾಲ ಒಂದೇ ಒಂದು ಪಿಸ್ಟನ್ ಇಟ್ಟುಕೊಳ್ಳಲು ಅನುಮತಿಯಿತ್ತು. ಎರಡನೆಯದಕ್ಕೆ 1977ರವರೆಗೆ, ಮೂರನೆಯದಕ್ಕೆ 1990ರವರೆಗೆ ಕಾಯಬೇಕಾಯಿತು. ಸ್ವರ ಅಷ್ಟು ಕಡಿಮೆಯಿದ್ದುದರಿಂದ ಚಮತ್ಕಾರವೆಲ್ಲ ಡ್ರಮ್ಮಿನ ಪಾಲಿಗೆ ಬಂತು ಎಂದು ಅಜ್ಜ ಹೇಳುತ್ತಾರೆ. ಡ್ರಮ್ ಬಾರಿಸಿದವರ ಮಾತಿದು, ಬ್ಯೂಗಲ್ಲಿನವರು ಒಪ್ಪಲಾರರು.

ಅವರ ಗ್ಯಾರೇಜಿನ ಮೂಲೆಯಲ್ಲಿ, ಹಳೆಯ ಕಂಬಳಿಯಡಿ ಆ ಡ್ರಮ್ ಇದೆ. ಬಿಳಿ ಬಣ್ಣ ಹಳದಿಗೆ ತಿರುಗಿದೆ. ಮೇಲಿನ ಮುಚ್ಚಿಗೆಯ ನಡುವೆ ನಾಲ್ಕಾಣೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದೊಂದು ಮಾಸಿದ ಗುರುತು. ಅಷ್ಟು ಅಗಲದ ಡ್ರಮ್ಮಿನಲ್ಲಿ ಎಡ ಬಲ ಎರಡೂ ಕೋಲು ವರ್ಷಗಟ್ಟಲೆ ಬಿದ್ದಿರುವುದು ಅಷ್ಟೇ ಜಾಗದಲ್ಲಿ. ಬೆರಳಿಟ್ಟು ನೋಡಿದೆ, ಅಲ್ಲಿ ಮಾತ್ರ ನುಣುಪಾಗಿದೆ. ಮುಚ್ಚಿಗೆ ಮೈಲಾರ್ ಎಂಬ ಪ್ಲಾಸ್ಟಿಕ್ಕಿನದು, 1950ರ ದಶಕದ ಕೊನೆಗೆ ಬಂದದ್ದು. ಅದಕ್ಕೂ ಮುಂಚೆ ಕರುವಿನ ಚರ್ಮ. ಮೋಡ ಕವಿದರೆ ಸಾಕು, ಸಡಿಲಾಗಿ ಬೊದಬೊದ ಎನ್ನುತ್ತಿತ್ತಂತೆ. ನಮ್ಮಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನಾನು ವರ್ಣಿಸಿದಾಗ ಅವರಿಗೆ ಹೊಸದೇನೂ ಅನ್ನಿಸಲಿಲ್ಲ. ಅವರ ಗುರುಗಳಿಗೂ ಅದೇ ತಾಪತ್ರಯವಿತ್ತು.

ಡ್ರಮ್ ನೇತುಹಾಕುತ್ತಿದ್ದದ್ದು ಹೆಗಲಿನ ಪಟ್ಟಿಗೆ. ನಡೆಯುವಾಗ ಅದು ಎಡತೊಡೆಯ ಮೇಲೆ ವಾರೆಯಾಗಿ ಕೂರುತ್ತದೆ. ವಾರೆಯಾದ ಡ್ರಮ್ಮನ್ನು ಬಾರಿಸಲು ಎಡಗೈಯ ಕೋಲನ್ನು ಅಂಗೈ ಮೇಲು ಮಾಡಿ, ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಸಿ ಹಿಡಿಯಬೇಕು. ಬಲಗೈ ಮಾತ್ರ ಸುತ್ತಿಗೆ ಹಿಡಿದಂತೆ. ಈಗ ಭುಜದ ಮೇಲೆ ಕೂರುವ ಲೋಹದ ಕವಚ ಡ್ರಮ್ಮನ್ನು ಚಪ್ಪಟೆಯಾಗಿಯೇ ಹಿಡಿದಿಡುತ್ತದೆ, ಆದರೂ ಹಲವು ದಳಗಳು ಹಳೆಯ ಹಿಡಿತವನ್ನು ಬಿಟ್ಟಿಲ್ಲ. ಮಗಳ ಎಡಗೈ ತಡವಾಗುತ್ತಿದ್ದದ್ದೂ ಈ ಹಿಡಿತದಿಂದಲೇ. ಅಜ್ಜನ ಎಡತೊಡೆಯ ಮೇಲೆ ಒಂದೊಂದು ಬೇಸಿಗೆಯೂ ಡ್ರಮ್ಮಿನ ಅಂಚು ತಾಗಿ ತಾಗಿ ಅಂಗೈಯಗಲ ಕಂದುಗಟ್ಟುತ್ತಿತ್ತಂತೆ.

ಪಾಠ ಶುರುವಾಗುವುದು ‘ಡ್ಯಾಡಿ-ಮಮ್ಮಿ’ಯಿಂದ. ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಎರಡು. ಮೊದಲು ನಿಧಾನವಾಗಿ, ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳುವಂತೆ. ಬರಬರುತ್ತಾ ವೇಗ ಏರಿ, ಬಟ್ಟೆ ಹರಿದ ಹಾಗೆ ಒಂದೇ ಸದ್ದಾಗಬೇಕು. ಮತ್ತೆ ಅದೇ ದಾರಿಯಲ್ಲಿ ಇಳಿದು ಮೊದಲಿನ ನಿಧಾನಕ್ಕೆ ಬರಬೇಕು. ಏರುವುದು ಸುಲಭ, ಇಳಿಯುವುದರಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಇದಾದ ಮೇಲೆ ಫ್ಲ್ಯಾಮ್, ಡ್ರ್ಯಾಗ್, ಪ್ಯಾರಡಿಡಲ್. ಈ ಕೊನೆಯದು ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಹೆಸರುಗಳಲ್ಲಿ ಹೆಚ್ಚಿನವು ಪೆಟ್ಟಿನ ಸದ್ದಿನಿಂದಲೇ ಹುಟ್ಟಿದವು, ನಮ್ಮ ಮೃದಂಗದ ಸೊಲ್ಲುಗಳಂತೆ ಬಾಯಲ್ಲಿ ಹೇಳಿಕೊಂಡೇ ಕೈಗೆ ಬರುವಂಥವು. ಊರಿಗೊಂದು ರೀತಿ ಇದ್ದದ್ದನ್ನು ಒಂದು ಕ್ರಮಕ್ಕೆ ತರಲು 1933ರಲ್ಲಿ ಶಿಕಾಗೋದಲ್ಲಿ ಲೀಜನ್ ಸಮಾವೇಶದ ಹೊತ್ತಿಗೆ ಹಳೆಯ ಡ್ರಮ್ಮರುಗಳು ಕೂಡಿದರು. ಮೊದಲು 13, ಆಮೇಲೆ ಮತ್ತೆ 13, ಒಟ್ಟು 26 ಪಾಠಗಳ ಪಟ್ಟಿ ಗಟ್ಟಿಯಾಯಿತು. ಇಂದಿನ ಪಟ್ಟಿಯಲ್ಲಿ 40 ಇವೆ. ಅಜ್ಜನಿಗೆ ಇವತ್ತಿಗೂ 26 ಸಾಕು.

ಇಷ್ಟೆಲ್ಲ ಒಬ್ಬರ ಕೈಗೆ ಬಂದರೆ ಅರ್ಧ ದಾರಿ ಕ್ರಮಿಸಿದಂತೆ. ಉಳಿದರ್ಧ ಸಾಲಿನದು. ನಾನು ಉಡುಪಿ ಕಡೆಯವಳು. ಯಕ್ಷಗಾನದಲ್ಲಿ ಚೆಂಡೆಯವರು ಭಾಗವತರ ಪದವನ್ನೂ ವೇಷದವರ ಹೆಜ್ಜೆಯನ್ನೂ ನೋಡುತ್ತ ಅಲ್ಲಿಯೇ ಹುಟ್ಟಿಸಿ ನುಡಿಸುವುದಕ್ಕೆ ತಲೆದೂಗಿ ಬೆಳೆದವಳು. ಇಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ. ಎಂಟೋ ಹತ್ತೋ ಸ್ನೇರ್ ಡ್ರಮ್ಮರುಗಳು ಸಾಲಾಗಿ ನಿಂತು, ಎಲ್ಲರೂ ಅದೇ ಪೆಟ್ಟನ್ನು, ಅದೇ ಕೈಯಲ್ಲಿ, ಕೋಲಿನ ತುದಿಯನ್ನು ಅದೇ ಎತ್ತರಕ್ಕೆ ಎತ್ತಿ ಬಾರಿಸಬೇಕು. ಕಣ್ಣು ಮುಚ್ಚಿ ಕೇಳಿದರೆ ಒಂದೇ ಡ್ರಮ್ ಇದೆ ಅನ್ನಿಸಬೇಕು. “ನನ್ನ ಡ್ರಮ್ ನನಗೇ ಕೇಳಿಸಿತು ಅಂದರೆ ನಾನು ತಪ್ಪಿದ್ದೇನೆ ಅಂತ ಅರ್ಥ” ಎಂದರು ಅಜ್ಜ. ಇದರಲ್ಲಿ ಕಲಾವಿದನಿಗೆ ಏನು ಸಿಗುತ್ತದೆ ಎಂದು ನನಗೆ ಮೊದಮೊದಲು ತಿಳಿಯಲಿಲ್ಲ. ಚಳಿಗಾಲವಿಡೀ ಚರ್ಚಿನ ನೆಲಮಾಳಿಗೆಯಲ್ಲಿ ಅರ್ಧಚಂದ್ರದ ಸಾಲಿನಲ್ಲಿ ನಿಂತು ಬಾರಿಸಿ, ಒಂದು ರಾತ್ರಿ ಏಕಾಏಕಿ ಎಂಟು ಡ್ರಮ್ಮೂ ಕೂಡಿ ಒಂದಾದಾಗ ಹುಡುಗರೆಲ್ಲ ಕೋಲು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದ್ದನ್ನು ಅವರು ಹೇಳಿದರು. ಆಗ ಅವರಿಗೆ ಹದಿನಾಲ್ಕು ವರ್ಷ. ಹೇಳುವಾಗ ಅವರ ಎರಡೂ ಕೈಗಳು ಮೊಣಕಾಲ ಮೇಲೆ ಆ ಪಾಠವನ್ನು ಬಾರಿಸುತ್ತಿದ್ದವು.

ಆ ಕಾಲದ ಪರೀಕ್ಷೆಯೂ ಕಠಿಣ. ದಳ ಮೈದಾನಕ್ಕೆ ಇಳಿದರೆ ತೀರ್ಪುಗಾರರೂ ಜೊತೆಗೇ ಇಳಿಯುತ್ತಿದ್ದರು. ಕೈಯಲ್ಲಿ ಹಲಗೆ, ಹಾಳೆ, ಪೆನ್ಸಿಲ್. ಸ್ನೇರ್ ಸಾಲಿನ ಎದುರು ಹಿಮ್ಮುಖವಾಗಿ ನಡೆಯುತ್ತ, ಕಿವಿಯನ್ನು ಡ್ರಮ್ಮಿನ ಹತ್ತಿರಕ್ಕೆ ತಂದು ಆಲಿಸುವರು. ಒಂದು ಪೆಟ್ಟು ಒಡೆದರೆ ಒಂದು ಗೀಟು. ಒಂದು ಗೀಟಿಗೆ ಅಂಕದ ಹತ್ತನೆಯ ಒಂದು ಭಾಗ ಕಳೆಯುತ್ತಿತ್ತು. ಇದಕ್ಕೆ ‘ಟಿಕ್’ ಎನ್ನುತ್ತಿದ್ದರು. ಅಷ್ಟು ಸದ್ದಿನ ನಡುವೆಯೂ ಪೆನ್ಸಿಲ್ ಹಾಳೆಗೆ ತಾಗಿದ್ದು ಹುಡುಗರ ಕಣ್ಣಿಗೆ ಬೀಳುತ್ತಿತ್ತು. ಒಂದು ಗೀಟು ಕಂಡ ಡ್ರಮ್ಮರನ ಕೈ ಬಿಗಿಯುತ್ತದೆ, ಬಿಗಿದ ಕೈ ಇನ್ನೊಂದು ಗೀಟು ತರುತ್ತದೆ. ಗೀಟಿಗೆ ಹೆದರಿ ಕಷ್ಟದ ಕೃತಿಗಳನ್ನೇ ಮುಟ್ಟದ ದಳಗಳಿದ್ದವು. 1984ರಲ್ಲಿ ಈ ಪದ್ಧತಿ ಹೋಗಿ, ಮಾಡಿದ್ದಕ್ಕೆ ಅಂಕ ಕೊಡುವ ಕ್ರಮ ಬಂತು. ಆಮೇಲೆ ಸಂಗೀತವೂ ನಡಿಗೆಯ ವಿನ್ಯಾಸವೂ ಬಿಡುಗಡೆಯಾದಂತೆ ಬೆಳೆದವು ಎಂಬುದರಲ್ಲಿ ಸಂಶಯವಿಲ್ಲ. ಅಜ್ಜನಿಗೂ ಸಂಶಯವಿಲ್ಲ. ಆದರೆ ಬೇಲಿಯಾಚೆಯ ಎಡಗೈಯನ್ನು ಹಿಡಿಯುವ ಕಿವಿ ಬಂದದ್ದು ಆ ಪೆನ್ಸಿಲ್ಲಿನಿಂದ ಎನ್ನುತ್ತಾರೆ.

ಮೈದಾನದ ಉದ್ದದ ಸಮಸ್ಯೆಯೊಂದಿದೆ, ಅದನ್ನು ಇಲ್ಲಿ ಹೇಳಲೇಬೇಕು. ಅಮೆರಿಕನ್ ಫುಟ್‌ಬಾಲ್ ಮೈದಾನ 100 ಗಜ ಉದ್ದ, ಐದೈದು ಗಜಕ್ಕೆ ಒಂದು ಬಿಳಿ ಗೆರೆ. ದಂಡಿನ 30 ಅಂಗುಲದ ಹೆಜ್ಜೆಯಾದರೆ ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಯಾಗಿ ಆರು ಹೆಜ್ಜೆ. ಸದ್ದು ಆ 100 ಗಜ ಹೋಗಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚೇ ಬೇಕು. ನಿಮಿಷಕ್ಕೆ 120 ಹೆಜ್ಜೆಯ ನಡಿಗೆಯಲ್ಲಿ ಅದು ಅರ್ಧ ಹೆಜ್ಜೆ! ಅತ್ತ ತುದಿಯವನು ಇತ್ತ ತುದಿಯ ಸದ್ದಿಗೆ ಕಿವಿಗೊಟ್ಟು ಬಾರಿಸಿದರೆ ಪ್ರೇಕ್ಷಕರಿಗೆ ಕೇಳುವುದು ಗೊಂದಲ. ಅದಕ್ಕೇ ಡ್ರಮ್ ಸಾಲು ಸಾಮಾನ್ಯವಾಗಿ ಹಿಂದೆ, ನಡುವೆ ಇರುತ್ತದೆ. ಮುಂದಿನವರು ಹಿಂದಿನಿಂದ ಬರುವ ಸದ್ದಿಗೆ ಸೇರಿಕೊಳ್ಳುತ್ತಾರೆ, ಡ್ರಮ್ ಸಾಲು ಮಾತ್ರ ಯಾರ ಸದ್ದನ್ನೂ ನೆಚ್ಚದೆ ಕಾಲನ್ನೇ ನೆಚ್ಚಿಕೊಂಡಿರಬೇಕು. ನೂರಕ್ಕೂ ಹೆಚ್ಚು ಜನರ ನಡಿಗೆಯ ಹೊಣೆ ಹದಿನೇಳು ಹದಿನೆಂಟರ ಹುಡುಗರ ಪಾದಗಳ ಮೇಲೆ!

ಜೂನ್ ಬಂದರೆ ಬಸ್ಸು. ಹಗಲಿಡೀ ಬಿಸಿಲಲ್ಲಿ ಅಭ್ಯಾಸ, ಸಂಜೆ ಹನ್ನೊಂದೋ ಹದಿಮೂರೋ ನಿಮಿಷದ ಪ್ರದರ್ಶನ, ರಾತ್ರಿ ಬಸ್ಸಿನಲ್ಲೇ ನಿದ್ದೆ, ಬೆಳಗಾದರೆ ಇನ್ನಾವುದೋ ಊರಿನ ಶಾಲೆಯ ವ್ಯಾಯಾಮಶಾಲೆಯ ಮರದ ನೆಲ. ಅಡುಗೆಗೆ ತಾಯಂದಿರು ಸರದಿಯಲ್ಲಿ ಬರುತ್ತಿದ್ದರು. ಸಮವಸ್ತ್ರ ಹೊಲಿದವರೂ ಅವರೇ. ಖರ್ಚಿಗೆ ವಾರಕ್ಕೊಮ್ಮೆ ಬಿಂಗೊ ಆಟ ಏರ್ಪಡಿಸುತ್ತಿದ್ದರು. ಸ್ಪರ್ಧೆಗೆ ಮುಂಚೆ ತಪಾಸಣೆಯೂ ಇತ್ತು, ಬೂಟು ಹೊಳೆಯದಿದ್ದರೂ ಅಂಕ ಹೋಗುತ್ತಿತ್ತು. ಅಜ್ಜನ ಸಾಲಿನಲ್ಲಿ ಹುಡುಗಿಯರಿರಲಿಲ್ಲ. ನ್ಯೂಜೆರ್ಸಿಯ ಆಡುಬಾನ್ ಬಾನ್ ಬಾನ್ಸ್‌ನಂಥ ಬರೀ ಹುಡುಗಿಯರ ದಳಗಳು ಬೇರೆಯೇ ಇದ್ದವು. ಉಳಿದೆಡೆ ಎಷ್ಟೋ ಕಡೆ ಹುಡುಗಿಯರ ಕೈಗೆ ಬಾವುಟ ಕೊಟ್ಟು ಸುಮ್ಮನಾಗುತ್ತಿದ್ದರು. “ನಿನ್ನಂಥವಳು ನಮ್ಮ ಸಾಲಿನಲ್ಲಿ ಇರಬೇಕಾಗಿತ್ತು, ನಾವು ಬಿಟ್ಟುಕೊಳ್ಳಲಿಲ್ಲ” ಎಂದು ಅವರು ಮಗಳಿಗೆ ನೇರವಾಗಿಯೇ ಹೇಳಿದರು.

ಲೀಜನ್‌ನಂಥ ಸಂಘಗಳೇ ನಿಯಮ, ತೀರ್ಪು, ಬಹುಮಾನ ಎಲ್ಲವನ್ನೂ ಹಿಡಿದುಕೊಂಡಿದ್ದದ್ದು ದಳಗಳಿಗೆ ಉಸಿರುಗಟ್ಟಿಸುತ್ತಿತ್ತು. 1971ರಲ್ಲಿ ಟ್ರೂಪರ್ಸ್, ಕ್ಯಾವಲಿಯರ್ಸ್, ಮ್ಯಾಡಿಸನ್ ಸ್ಕೌಟ್ಸ್, ಬ್ಲೂ ಸ್ಟಾರ್ಸ್, ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ದಳಗಳು ಒಗ್ಗಟ್ಟಾಗಿ ತಮ್ಮ ಷರತ್ತು ಮುಂದಿಟ್ಟವು. ಅದೇ ಮುಂದೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಆಯಿತು. ಅದರ ಮೊದಲ ಚಾಂಪಿಯನ್‌ಶಿಪ್ 1972ರ ಆಗಸ್ಟಿನಲ್ಲಿ, ನಮ್ಮ ಮನೆಯಿಂದ ಒಂದು ಗಂಟೆ ದಾರಿಯ, ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ನಡೆಯಿತು. ಕ್ಯಾಲಿಫೋರ್ನಿಯಾದ ಆ್ಯನಹೈಮ್ ಕಿಂಗ್ಸ್‌ಮೆನ್ ಗೆದ್ದರು. ಹತ್ತೊಂಬತ್ತರ ಅಜ್ಜ ಆ ರಾತ್ರಿ ಗ್ಯಾಲರಿಯ ಹುಲ್ಲುದಿಬ್ಬದಲ್ಲಿ ಕೂತಿದ್ದರು. ಅಂತಿಮ ಸುತ್ತಿನ 12 ದಳಗಳಲ್ಲಿ ಅವರದು ಇರಲಿಲ್ಲ. ಕಿಂಗ್ಸ್‌ಮೆನ್ ಡ್ರಮ್ ಸಾಲನ್ನು ಕೇಳಿ ಬಸ್ಸಿಗೆ ಮರಳಿದಾಗ ಯಾರೂ ಮಾತಾಡಲಿಲ್ಲವಂತೆ. ಚಾಲಕ ದೀಪ ಆರಿಸಿದ ಮೇಲೆ ಹಿಂದಿನ ಸೀಟಿನಿಂದ ಒಬ್ಬ ತೊಡೆಯ ಮೇಲೆ ಮೆಲ್ಲಗೆ ಡ್ಯಾಡಿ-ಮಮ್ಮಿ ಶುರುಮಾಡಿದ. ಇನ್ನೊಬ್ಬ ಸೇರಿದ. ಊರು ಬರುವವರೆಗೂ ಅದು ನಿಲ್ಲಲಿಲ್ಲ.

21 ತುಂಬಿದ ವರ್ಷ ದಳ ಬಿಡಬೇಕಿತ್ತು, ಅದು ಆಗಿನ ನಿಯಮ. ಅಜ್ಜ 1974ರಲ್ಲಿ ಬಿಟ್ಟರು. ಅಷ್ಟರಲ್ಲಿ ತೈಲದ ಬೆಲೆ ಏರಿತ್ತು. ಗೆಲ್ಲಬೇಕೆಂದರೆ ದೇಶವಿಡೀ ಸುತ್ತಬೇಕಾದ ಹೊಸ ವ್ಯವಸ್ಥೆಯಲ್ಲಿ ಸಣ್ಣ ಊರಿನ ಬಸ್ಸುಗಳು ಓಡಲಾಗಲಿಲ್ಲ. ದಳ ಸಾಕಿದ ಹಳೆಯ ಸೈನಿಕರು ಮುದುಕರಾಗಿದ್ದರು, ಒಳ್ಳೆಯ ಹುಡುಗರು ದೊಡ್ಡ ದಳಗಳಿಗೆ ಹೊರಟರು. ಎರಡು ವರ್ಷದಲ್ಲಿ ಅವರ ದಳ ಮುಚ್ಚಿತು. ವಾದ್ಯಗಳನ್ನು ಮಾರಿದ ದಿನ ಅವರು ತಮ್ಮ ಡ್ರಮ್ಮನ್ನು ತಾವೇ ಕೊಂಡು ತಂದರು. ಹೀಗೆ ನೂರಾರು ದಳಗಳು ಹೋದವು. ವೈಟ್‌ವಾಟರ್‌ನಲ್ಲಿ ಗೆದ್ದ ಕಿಂಗ್ಸ್‌ಮೆನ್ ದಳವೂ ಉಳಿಯಲಿಲ್ಲ.

ಇಂದು ಉಳಿದ ದೊಡ್ಡ ದಳಗಳ ಕೈಚಳಕ ನೋಡಿದರೆ ಬೆರಗಾಗುತ್ತದೆ. ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದ ಆಗಸ್ಟ್ ಅಂತಿಮ ಸುತ್ತಿಗೆ ಅಜ್ಜ ನಮ್ಮನ್ನೂ ಕರೆದೊಯ್ದಿದ್ದರು. ಡ್ರಮ್ ಮುಚ್ಚಿಗೆ ಈಗ ಕೆವ್ಲಾರ್‌ನದು, ಮೇಜಿನಷ್ಟು ಬಿಗಿ. ಪೆಟ್ಟು ಪಟಾಕಿಯಂತೆ ಸಿಡಿಯುತ್ತದೆ. ಮೈಕು, ಸಿಂಥಸೈಜರ್ ಎಲ್ಲ ಬಂದಿವೆ. ಆದರೆ ಒಂದು ಬೇಸಿಗೆಗೆ ಮಕ್ಕಳು ಸಾವಿರಾರು ಡಾಲರ್ ಕಟ್ಟಬೇಕು, ಊರೂರಿಂದ ಬಂದು ಆಯ್ಕೆಯಾಗಬೇಕು. ಕಾರ್ಖಾನೆ ಕೆಲಸದವರ ಮಗ ರಸ್ತೆ ದಾಟಿ ಚರ್ಚಿನ ನೆಲಮಾಳಿಗೆಗೆ ಇಳಿದು, ಪುಗಸಟ್ಟೆ ಡ್ರಮ್ ಹೆಗಲಿಗೇರಿಸಿಕೊಳ್ಳುವ ದಾರಿ ಮುಚ್ಚಿಹೋಗಿದೆ. ಕಲೆ ಇಷ್ಟು ಎತ್ತರಕ್ಕೆ ಏರಿದ್ದಕ್ಕೆ ನನಗೆ ಸಂತೋಷ. ಆ ನೆಲಮಾಳಿಗೆ ಹೋದದ್ದಕ್ಕೆ ಆಗುವ ಸಂಕಟ ಅದರಿಂದ ಕಡಿಮೆಯಾಗುವುದಿಲ್ಲ.

ಮಂಗಳವಾರ, ಶುಕ್ರವಾರ ಸಂಜೆ ಗ್ಯಾರೇಜಿನ ಬಾಗಿಲು ಮೇಲೇರುತ್ತದೆ. ಮಗಳು ಆ ಹಳೆಯ ಡ್ರಮ್ಮಿನ ಮುಂದೆ ನಿಲ್ಲುತ್ತಾಳೆ. ಅಜ್ಜ ಎದುರಿಗೆ ಮಡಚುವ ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ತಲೆ ತಗ್ಗಿಸಿ ಕಿವಿಗೊಡುತ್ತಾರೆ. ಅವಳೇ ಕೇಳಿಕೊಂಡಳು, ಗೀಟು ಹಾಕಿ ಎಂದು. ನಿಧಾನದಿಂದ ವೇಗಕ್ಕೆ, ವೇಗದಿಂದ ನಿಧಾನಕ್ಕೆ ಒಂದು ಸುತ್ತು ಡ್ಯಾಡಿ-ಮಮ್ಮಿ. ಮೊದಲ ಸಂಜೆ 43 ಗೀಟು ಬಿದ್ದಿದ್ದವು. ಕಳೆದ ಶುಕ್ರವಾರ 11, ಎಲ್ಲವೂ ಇಳಿಯುವಾಗ.