ಮುದ್ರೆ ಒಪ್ಪಿಸಿದ ಅಧಿಕಾರಿ

‘ಯಥಾರ್ಥವಾದಿ ಲೋಕವಿರೋಧಿ’ ಎಂಬ ಮಾತು ನಮ್ಮಲ್ಲಿ ಪ್ರಸಿದ್ಧವಾಗಿದೆ. ರಾಜಾಸ್ಥಾನದ ಅಧಿಕಾರದಾಹವನ್ನೂ ಧರ್ಮನಿಷ್ಠೆಯನ್ನೂ ಎದುರುಬದುರಾಗಿ ನಿಲ್ಲಿಸುವ ಚೀನದ ಐತಿಹಾಸಿಕ ನಾಟಕಗಳಲ್ಲಿ ಈ ಮಾತಿಗೆ ನಿದರ್ಶನಗಳು ಹೇರಳವಾಗಿವೆ. ಆದರೆ ನಾಯಕನ ಪಾಡು ನಾಟಕಕಾರನಿಗೂ ಒದಗಿದ್ದು ‘ಹಾಯ್ ರೂಯಿಯ ಪದಚ್ಯುತಿ’ ಎಂಬ ನಾಟಕದಲ್ಲಿ.

ಹಾಯ್ ರೂಯಿ ಹದಿನಾರನೆಯ ಶತಮಾನದ, ಮಿಂಗ್ ರಾಜವಂಶದ ಕಾಲದ ಅಧಿಕಾರಿ. ಚಕ್ರವರ್ತಿ ಜಿಯಾಜಿಂಗ್ ಅಮರತ್ವದ ಹಂಬಲದಲ್ಲಿ ರಾಜ್ಯಭಾರವನ್ನೇ ಮರೆತಿದ್ದನು. ಆತನ ದೋಷಗಳನ್ನು ಎತ್ತಿ ತೋರಿಸಿ ಹಾಯ್ ರೂಯಿ 1566ರಲ್ಲಿ ಬಿನ್ನವತ್ತಳೆಯೊಂದನ್ನು ಸಲ್ಲಿಸಿದನು. ತಲೆ ಉಳಿಯದೆಂದು ತಿಳಿದು, ಮೊದಲೇ ಶವಪೆಟ್ಟಿಗೆಯನ್ನು ಕೊಂಡಿಟ್ಟಿದ್ದನಂತೆ! ಸೆರೆವಾಸ ಪ್ರಾಪ್ತವಾಯಿತು, ಚಕ್ರವರ್ತಿ ಕಾಲವಾದ ಮೇಲೆಯೇ ಬಿಡುಗಡೆ.

ಈತನ ಮುಂದಿನ ಬಾಳನ್ನು ಇತಿಹಾಸಕಾರ ವೂ ಹಾನ್ ಪೀಕಿಂಗ್ ಶೈಲಿಯ ಸಂಗೀತ ನಾಟಕವಾಗಿಸಿದರು. 1961ರಲ್ಲಿ ಅದು ರಂಗವೇರಿತು. ಪ್ರಖ್ಯಾತ ನಟ ಮಾ ಲಿಯಾನ್‌ಲಿಯಾಂಗ್ ನಾಯಕನ ಪಾತ್ರ ವಹಿಸಿದರು. ನಿವೃತ್ತ ಮಹಾಮಂತ್ರಿ ಶೂ ಜಿಯೆಯ ಮನೆಯವರು ರೈತರ ಭೂಮಿಯನ್ನು ಕಬಳಿಸಿದ್ದಾರೆ. ಅವನ ಮಗ ಕೊಲೆಗೆ ಕಾರಣನಾಗಿದ್ದಾನೆ. ಹಿಂದೊಮ್ಮೆ ಹಾಯ್ ರೂಯಿಯ ಪ್ರಾಣ ಉಳಿಯಲು ನೆರವಾದವನು ಇದೇ ಶೂ ಜಿಯೆ. ಆ ಋಣವನ್ನು ನೆನಪಿಸಿದರೂ ಹಾಯ್ ರೂಯಿ ಮಣಿಯುವುದಿಲ್ಲ. ಆತನನ್ನು ಪದಚ್ಯುತಗೊಳಿಸುವ ಆಜ್ಞೆ ಬರುತ್ತದೆ. ಮರಣದಂಡನೆಯನ್ನು ನೆರವೇರಿಸಿ, ಅನಂತರವೇ ಅಧಿಕಾರಮುದ್ರೆಯನ್ನು ಹೊಸಬನಿಗೆ ಒಪ್ಪಿಸುತ್ತಾನೆ.

ಹಾಯ್ ರೂಯಿಯ ಧೈರ್ಯವನ್ನು ಕಲಿಯಿರೆಂದು 1959ರಲ್ಲಿ ಕರೆಯಿತ್ತವರು ಸ್ವತಃ ಮಾವೋ ತ್ಸೆ ತುಂಗ್! ಅದೇ ವರ್ಷ ಅವರ ನೀತಿಯನ್ನು ಟೀಕಿಸಿದ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಪದವಿಯನ್ನು ಕಳೆದುಕೊಂಡರು. 1965ರ ನವೆಂಬರಿನಲ್ಲಿ ಶಾಂಘೈ ಪತ್ರಿಕೆಯೊಂದು ಈ ನಾಟಕವನ್ನು ಉಗ್ರವಾಗಿ ಖಂಡಿಸಿತು. ನಾಟಕದ ಅಧಿಕಾರಿ ಪೆಂಗ್, ಚಕ್ರವರ್ತಿ ಮಾವೋ ಎಂಬ ಅರ್ಥ ಹುಟ್ಟಿಕೊಂಡಿತು. ಸಾಂಸ್ಕೃತಿಕ ಕ್ರಾಂತಿಯ ಮೊದಲ ಕಿಡಿ ಹಾರಿದ್ದು ಇಲ್ಲಿಯೇ. ಬೀಜಿಂಗಿನ ಉಪಮೇಯರ್ ಆಗಿದ್ದ ವೂ ಹಾನ್ ಸೆರೆಮನೆ ಸೇರಿ, 1969ರಲ್ಲಿ ಬಂಧನದಲ್ಲಿಯೇ ಮಡಿದರು. ಅವರ ಮೇಲಿನ ಕಳಂಕ ತೊಡೆದುಹೋದುದು 1979ರಲ್ಲಿ.

2007ರಲ್ಲಿ ‘ಮಿಂಗ್ ರಾಜವಂಶ 1566’ ಎಂಬ ದೂರದರ್ಶನ ಧಾರಾವಾಹಿಯ ಮೂಲಕ ಹಾಯ್ ರೂಯಿ ಮತ್ತೆ ಜನರ ಮುಂದೆ ಬಂದನು. ನಾಲ್ಕು ನೂರು ವರ್ಷಗಳ ಹಿಂದಿನ ಸತ್ಯವಂತನನ್ನು ಕೊಂಡಾಡಲು ಯಾವ ಪ್ರಭುವೂ ಹಿಂಜರಿಯುವುದಿಲ್ಲ. ಆ ಕನ್ನಡಿಯಲ್ಲಿ ತನ್ನ ಮುಖವೇ ಕಂಡಾಗ ಪ್ರಭು ಏನು ಮಾಡುತ್ತಾನೆ? ಆತನ ನಿಜವಾದ ಯೋಗ್ಯತೆ ತಿಳಿಯುವುದು ಆಗಲೇ.