ಸೈಕಲ್ ಏರಿ ಸಮುದ್ರದ ತಳಕ್ಕೆ

ಇದು ಸಮುದ್ರದ ತಳ! ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಲಾಂಗ್ಜಾ ಎಂಬ ಹಳ್ಳಿ. ಎತ್ತರ ಸುಮಾರು 4,400 ಮೀಟರ್. ಕಣ್ಣು ಹಾಯಿಸಿದಷ್ಟು ದೂರ ಒಂದು ಮರವಿಲ್ಲ. ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಕಡಲತೀರದಲ್ಲಿ ದಕ್ಕುವುದರ ಶೇ 60ರಷ್ಟೇ. ಅಂಥ ಕಡೆ, ಊರಾಚೆಯ ಕಪ್ಪು ಪದರುಗಲ್ಲಿನ ಇಳಿಜಾರಿನಲ್ಲಿ ಬಗ್ಗಿ ನೋಡಿದರೆ ಸುರುಳಿ ಸುತ್ತಿದ ಚಿಪ್ಪೊಂದು ಕಲ್ಲಾಗಿ ಕೂತಿದೆ! ಅಮೊನೈಟ್. ಸುಮಾರು 15 ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಮುದ್ರದಲ್ಲಿ ಈಜಿಕೊಂಡಿದ್ದ ಜೀವಿ. ಭಾರತದ ಭೂಫಲಕ ಉತ್ತರಕ್ಕೆ ಸರಿದು ಸರಿದು ಏಷ್ಯಾಕ್ಕೆ ಗುದ್ದಿದಾಗ ಆ ಸಮುದ್ರ ಮುಚ್ಚಿಹೋಯಿತು, ಅದರ ತಳವೇ ಮಡಚಿಕೊಂಡು ಮೇಲೆದ್ದು ಹಿಮಾಲಯದ ಈ ಭಾಗವಾಯಿತು. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ನೇಪಾಳದ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮವಿದೆಯಲ್ಲ, ಅದೂ ಇದೇ ಸಮುದ್ರದ, ಇದೇ ಬಳಗದ ಚಿಪ್ಪು. ದಿನಾ ಅಭಿಷೇಕ ಮಾಡಿಸಿಕೊಳ್ಳುವ ಕಲ್ಲಿನ ಒಡಹುಟ್ಟು ಇಲ್ಲಿ ಸೈಕಲ್ ಚಕ್ರದ ಪಕ್ಕದಲ್ಲೇ ಬಿದ್ದಿದೆ. (ನೋಡಿ, ಮುಟ್ಟಿ, ಅಲ್ಲೇ ಬಿಟ್ಟು ಬನ್ನಿ. ಅದು ಆ ಊರಿನದು.)

ಸ್ಪಿತಿಗೆ ಜೀಪಿನಲ್ಲಿ ಹೋಗಬಹುದು, ಬಸ್ಸಿನಲ್ಲಿ ಹೋಗಬಹುದು, ಬುಲೆಟ್ ಏರಿ ಹೋಗುವವರಂತೂ ಸಾವಿರಾರು ಮಂದಿ. ಆದರೆ ಈ ಕಣಿವೆಗೆ ತಕ್ಕ ವಾಹನ ಸೈಕಲ್ಲೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಗಂಟೆಗೆ ಆರೇಳು ಕಿಲೋಮೀಟರ್ ವೇಗದಲ್ಲಿ, ಅತಿ ಹಗುರವಾದ ಗೇರಿನಲ್ಲಿ, ಏದುಸಿರು ಬಿಡುತ್ತ ಏರುವವನಿಗೆ ಬಂಡೆಯ ಒಂದೊಂದು ಪದರವೂ ಬಣ್ಣ ಬದಲಿಸುವುದು ಕಾಣುತ್ತದೆ. ಅಷ್ಟೇ ಅಲ್ಲ, ಎತ್ತರಕ್ಕೆ ಒಗ್ಗಲು ದೇಹ ಕೇಳುವ ಸಾವಕಾಶವನ್ನು ಸೈಕಲ್ ತಾನಾಗಿಯೇ ಕೊಡುತ್ತದೆ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎನ್ನುತ್ತಾರೆ ವೈದ್ಯರು. ಶಿಮ್ಲಾ ಕಡೆಯಿಂದ ಬರುವ ದಾರಿಯನ್ನು ನೋಡಿದರೆ ಆ ಲೆಕ್ಕ ಇಟ್ಟುಕೊಂಡೇ ಹಾಸಿದಂತಿದೆ!

ಆ ದಾರಿ ಮೊದಲು ನಾರ್ಕಂಡಾಕ್ಕೆ, ಸುಮಾರು 2,700 ಮೀಟರಿಗೆ, ಏರಿಸಿ ಆಮೇಲೆ ಗಳಿಸಿದ್ದನ್ನೆಲ್ಲ ಕಿತ್ತುಕೊಂಡು ಸಟ್ಲೆಜ್ ನದಿಯ ದಂಡೆಯ ರಾಂಪುರಕ್ಕೆ, ಬರೀ ಸಾವಿರ ಮೀಟರಿಗೆ, ಇಳಿಸಿಬಿಡುತ್ತದೆ. ಅಲ್ಲಿಂದ ಕಿನ್ನೌರ್. ಸೇಬಿನ ತೋಟ, ದೇವದಾರು, ಬಂಡೆಯ ಹೊಟ್ಟೆ ಬಗೆದು ಮಾಡಿದ ರಸ್ತೆ. ತಲೆ ಮೇಲೆ ಕಲ್ಲಿನ ಚಾವಣಿ, ಎಡಗಡೆಯೋ ಬಲಗಡೆಯೋ ಪಾತಾಳ. ರೆಕಾಂಗ್ ಪಿಯೋ ದಾಟಿದ ಮೇಲೆ ಹಸಿರು ತೆಳುವಾಗುತ್ತ ಬಂದು ಒಂದೆಡೆ ಪೂರ್ತಿ ನಿಂತುಹೋಗುತ್ತದೆ. ಮುಂಗಾರಿನ ಮೋಡಗಳು ದಕ್ಷಿಣದ ಬೆಟ್ಟಸಾಲಿಗೆ ಮಳೆಯನ್ನೆಲ್ಲ ಸುರಿದು ಬರಿಗೈಯಲ್ಲಿ ಉಳಿದ ಜಾಗ ಅದು. ಖಾಬ್ ಎಂಬಲ್ಲಿ ಟಿಬೆಟ್ಟಿನಿಂದ ಬಂದ ಸಟ್ಲೆಜ್‌ಗೆ ಸ್ಪಿತಿ ನದಿ ಬಂದು ಸೇರುತ್ತದೆ. ಸೇತುವೆ ದಾಟಿ ತಲೆಯೆತ್ತಿದರೆ ಬೋಳು ಗೋಡೆಯಂಥ ಬೆಟ್ಟದ ಮೇಲೆ ರಸ್ತೆ ತಿರುವಿನ ಮೇಲೆ ತಿರುವಾಗಿ ಮೇಲೆ, ಇನ್ನೂ ಮೇಲೆ! ನಾಕೋ ಹಳ್ಳಿ ತಲುಪುವಷ್ಟರಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರಿರುತ್ತೀರಿ. ಊರ ನಡುವೆ ಪುಟ್ಟ ಕೆರೆ, ಅದರ ಹಿಂದೆ ಹಿಮಾಚಲದ ಅತಿ ಎತ್ತರದ ಶಿಖರ ರಿಯೋ ಪುರ್ಗಿಲ್, 6,816 ಮೀಟರ್.

ಮರುದಿನವೇ ತಾಬೋ ತಲುಪಬಹುದು. ಹೊರಗಿನಿಂದ ನೋಡಿದರೆ ಮಣ್ಣಿನ ಗುಡ್ಡೆಗಳ ಹಾಗೆ ಕಾಣುವ ಬೌದ್ಧ ವಿಹಾರ. ಕಟ್ಟಿದ್ದು 996ರಲ್ಲಿ. ಮಣ್ಣು! ಬರೀ ಮಣ್ಣಿನ ಗೋಡೆ ಸಾವಿರ ಚಳಿಗಾಲ ಕಳೆದಿದೆ, 1975ರ ಕಿನ್ನೌರ್ ಭೂಕಂಪದ ಹೊಡೆತ ತಿಂದೂ ನಿಂತಿದೆ. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗುತ್ತಿದ್ದಂತೆ ಒಂದೊಂದಾಗಿ ಗೋಡೆಯಿಂದ ಆಚೆಗೆ ಬರುತ್ತವೆ ಗಾರೆಯ ಬೋಧಿಸತ್ವರ ಮೂರ್ತಿಗಳು, ಅವುಗಳ ಕೆಳಗೂ ಮೇಲೂ ನೀಲಿ, ಕಾವಿ, ಹೊನ್ನಿನ ಬಣ್ಣದ ಚಿತ್ರಗಳು. ದಿನವಿಡೀ ಕಲ್ಲು, ದೂಳು, ಆಕಾಶ ಮೂರನ್ನೇ ಕಂಡ ಕಣ್ಣಿಗೆ ಅಷ್ಟು ಬಣ್ಣ ಒಟ್ಟಿಗೆ!

ಮುಂದೆ ಧಂಕರ್. ಹಿಂದೊಮ್ಮೆ ಸ್ಪಿತಿಯ ರಾಜಧಾನಿ. ಹೆದ್ದಾರಿ ಬಿಟ್ಟು ಅಡ್ಡರಸ್ತೆಯಲ್ಲಿ ಏರಬೇಕು, ಕಾಲು ಬೇಡ ಬೇಡ ಎನ್ನುತ್ತದೆ, ಏರಿ. ಗಾಳಿಮಳೆಗೆ ಸವೆದು ಕೊಂಬುಗಳಾಗಿ ನಿಂತ ಮಣ್ಣುಕಲ್ಲಿನ ತುದಿಯಲ್ಲಿ ವಿಹಾರ ಅಂಟಿಕೊಂಡಿದೆ, ಅದರ ಬುಡದಲ್ಲಿ ಪಿನ್ ನದಿ ಸ್ಪಿತಿಗೆ ಕೂಡುವ ಅಗಲವಾದ ಹರವು.

ಅಲ್ಲಿ ಕಾಣುವ ಪಿನ್ ಕಣಿವೆಯೊಳಕ್ಕೆ ತಪ್ಪದೆ ತಿರುಗಿಕೊಳ್ಳಿ. ಕಾಜಾ ತಲುಪುವ ಆತುರದಲ್ಲಿ ಅನೇಕರು ಇದನ್ನು ಬಿಟ್ಟು ಹೋಗುತ್ತಾರೆ. ಅತ್ತರ್ಗು ಸೇತುವೆ ದಾಟಿ, ಸಗ್ನಮ್ ಹಾದು, ದಾರಿ ಮುಗಿಯುವ ಮುದ್ ಹಳ್ಳಿಯವರೆಗೆ ಎರಡೂ ಬದಿಯ ಬೆಟ್ಟಗಳಲ್ಲಿ ಬಂಡೆಯ ಪದರಗಳು ಹಪ್ಪಳದ ಹಿಟ್ಟಿನಂತೆ ಮಡಚಿ, ತಿರುಚಿ, ನೆಟ್ಟಗೆ ನಿಂತಿವೆ! ಎರಡು ಭೂಖಂಡಗಳು ಗುದ್ದಿಕೊಂಡದ್ದನ್ನು ಪುಸ್ತಕದಲ್ಲಿ ಓದಿದ್ದೇವೆ, ಇಲ್ಲಿ ಪೆಡಲ್ ತುಳಿಯುತ್ತ ಆ ಗುದ್ದಿನ ಗುರುತಿನ ನಡುವೆಯೇ ಹೋಗುತ್ತೇವೆ. ಮುದ್ ಪುಟ್ಟ ಹಳ್ಳಿ, ಆದರೆ ಭೂವಿಜ್ಞಾನಿಗಳಿಗೆ ದೊಡ್ಡ ಹೆಸರು. ಇಲ್ಲಿನ ಬಿಳಿ ಕಲ್ಲಿನ ಪದರಕ್ಕೆ ಅವರು ಊರಿನ ಹೆಸರನ್ನೇ ಇಟ್ಟು ಮೂತ್ ಕ್ವಾರ್ಟ್ಜೈಟ್ ಎಂದು ಕರೆದರು. ಅದು ಸುಮಾರು 40 ಕೋಟಿ ವರ್ಷ ಹಿಂದಿನ ಕಡಲಂಚಿನ ಮರಳು. ಆ ಮರಳಿನ ಮೇಲೆ ಆಗಿನ ಸಂಧಿಪದಿ ಜೀವಿಗಳು ನಡೆದುಹೋದ ಹೆಜ್ಜೆಸಾಲುಗಳೂ ಈ ಪಿನ್ ಕಣಿವೆಯಲ್ಲೇ ಸಿಕ್ಕಿವೆ. ಹೆಜ್ಜೆಗುರುತು! ಡೈನೋಸಾರ್‌ಗಳು ಹುಟ್ಟುವ ಮೊದಲು, ಎಷ್ಟೋ ಕೋಟಿ ವರ್ಷ ಮೊದಲು, ಒದ್ದೆ ಮರಳಿನಲ್ಲಿ ಯಾವುದೋ ಜೀವ ತೆವಳಿಹೋದ ಗೆರೆ ಇವತ್ತಿಗೂ ಉಳಿದಿದೆ.

ಕಾಜಾ ಈ ಕಣಿವೆಯ ಪೇಟೆ, 3,650 ಮೀಟರ್. ಬಟ್ಟೆ ಒಗೆಯಿರಿ, ಥುಕ್ಪಾ ಕುಡಿಯಿರಿ, ಚೈನಿನ ದೂಳು ಒರೆಸಿ ಎಣ್ಣೆ ಹಾಕಿ, ಭಾರದ ಚೀಲಗಳನ್ನು ತಂಗಿದ ಮನೆಯಲ್ಲೇ ಬಿಡಿ. ಯಾಕೆಂದರೆ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಸುತ್ತು ಶುರುವಾಗುವುದು ಇಲ್ಲಿಂದ, ಮತ್ತು ಈ ಪ್ರವಾಸದಲ್ಲಿ ಒಂದೇ ಒಂದು ದಿನ ಆರಿಸಿಕೋ ಎಂದರೆ ನಾನು ಆರಿಸಿಕೊಳ್ಳುವ ದಿನ ಇದು. ಒಂದೇ ಸಮನೆ ಏರು. ಪೇಟೆ ಕಾಲಡಿಯಲ್ಲಿ ಕಿರಿದಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಹತ್ತು ಸುತ್ತು ಪೆಡಲ್, ನಿಂತು ಉಸಿರು, ಮತ್ತೆ ಹತ್ತು ಸುತ್ತು. ಅಷ್ಟರಲ್ಲಿ ಮೇಲೆ ಹಸಿರು! ಹಿಮ ಕರಗಿದ ನೀರನ್ನು ಕುಹ್ಲ್ ಎಂಬ ಕಾಲುವೆಗಳಲ್ಲಿ ಕಿಲೋಮೀಟರ್‌ಗಟ್ಟಲೆ ಹರಿಸಿ ತಂದು ಬಟಾಣಿ, ಬಾರ್ಲಿ ಬೆಳೆದಿದ್ದಾರೆ. ಬೇಸಿಗೆಯ ಕೆಲವೇ ತಿಂಗಳಲ್ಲಿ ಬಿತ್ತಿ, ಬೆಳೆದು, ಕೊಯ್ದು ಮುಗಿಸಬೇಕು. ಹೊಲದಲ್ಲಿ ಬಾಗಿದವರು ತಲೆಯೆತ್ತಿ 'ಜೂಲೆ' ಎನ್ನುತ್ತಾರೆ, ಅದೇ ನಮಸ್ಕಾರ. ಹಿಕ್ಕಿಂನಲ್ಲಿ ಅಂಚೆ ಕಚೇರಿ ಇದೆ, 4,400 ಮೀಟರಿಗೂ ಎತ್ತರದಲ್ಲಿ! ಜೇಬಿನ ಬೆವರಿಗೆ ಒದ್ದೆಯಾದ ಕಾರ್ಡಿನ ಮೇಲೆ ಆ ಊರ ಮುದ್ರೆ ಬಿದ್ದು ಅದು ಬೆಟ್ಟ ಇಳಿದು ನಮ್ಮ ಊರಿನ ಬಾಗಿಲಿಗೆ ಬರುವುದನ್ನು ನೆನೆದರೇ ರೋಮಾಂಚನ. ಕೋಮಿಕ್ ಇನ್ನೂ ಮೇಲೆ, 4,587 ಮೀಟರ್.

ಕಾಜಾದ ಇನ್ನೊಂದು ದಿಕ್ಕಿಗೆ ಕೀ ವಿಹಾರ, ಅದನ್ನು ಬಳಸಿ ಏರಿದರೆ ಕಿಬ್ಬರ್. ಹಿಮಚಿರತೆಯ ಊರು. ಇಲ್ಲಿ ನಮಗೊಂದು ನಂಟೂ ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು 1990ರ ದಶಕದಿಂದ ಈ ಊರಿನವರ ಜೊತೆ ಕೂತು ಕೆಲಸ ಮಾಡಿದ್ದಾರೆ. ಊರಿನವರು ಹುಲ್ಲುಗಾವಲಿನ ಒಂದು ಭಾಗವನ್ನು ಕಾಡು ಕುರಿಗಳಿಗೆಂದು ಬಿಟ್ಟುಕೊಟ್ಟರು. ಚಿರತೆ ಹಿಡಿದ ದನಕರುಗಳಿಗೆ ಊರಿನವರೇ ನಡೆಸುವ ವಿಮೆ ಬಂತು. ಎದುರಿನ ಇಳಿಜಾರಿನಲ್ಲಿ ಭರಲ್ ಎಂಬ ಆ ಕಾಡು ಕುರಿಗಳ ಹಿಂಡು ಮೇಯುವುದನ್ನು ರಸ್ತೆಯಲ್ಲೇ ಸೈಕಲ್ ನಿಲ್ಲಿಸಿ ನೋಡಬಹುದು. ಎಂಜಿನ್ ಸದ್ದಿಲ್ಲದವನನ್ನು ಕಂಡು ಅವು ಅಷ್ಟು ಬೇಗ ಓಡುವುದಿಲ್ಲ. ಕಿಬ್ಬರಿನ ಮುಂದೆ ಭೂಮಿ ಸೀಳಿಹೋಗಿದೆ! ಆಚೆ ದಡದ ಚಿಚಂ ಹಳ್ಳಿಯವರು ತಂತಿಗೆ ತೂಗುಬಿಟ್ಟ ತೊಟ್ಟಿಲಲ್ಲಿ ಕೂತು, ಹಗ್ಗ ಎಳೆದುಕೊಂಡು ಆ ಕಮರಿ ದಾಟುತ್ತಿದ್ದರು. 2017ರಲ್ಲಿ ಸೇತುವೆ ಬಂತು. ಸೈಕಲ್ಲಿಗರಿಗೆ ಇದರಿಂದ ಹೊಸ ದಾರಿಯೇ ತೆರೆಯಿತು. ಕಾಜಾಕ್ಕೆ ಮರಳದೆ, ಎತ್ತರದಲ್ಲೇ ಸಾಗಿ, ಲೋಸರ್ ಕಡೆಯ ಹೆದ್ದಾರಿಗೆ ಇಳಿಯಬಹುದು.

ಲೋಸರ್ ಆದ ಮೇಲೆ ಕುಂಜುಂ ಕಣಿವೆದಾರಿ, ಸುಮಾರು 4,550 ಮೀಟರ್. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಹಿಮ ಮುಚ್ಚಿರುತ್ತದೆ, ಆದ್ದರಿಂದ ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಬನ್ನಿ. ತುದಿಯಲ್ಲಿ ಕುಂಜುಂ ಮಾತೆಯ ಗುಡಿ, ಬಣ್ಣದ ಪ್ರಾರ್ಥನಾ ಬಾವುಟಗಳು. ಲಾರಿ, ಬಸ್ಸು ಎಲ್ಲವೂ ಗುಡಿಗೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತವೆ, ಸೈಕಲ್ಲೂ ಹಾಕಲಿ. ಕೆಳಗಿಳಿದು ಚಂದ್ರತಾಲ್ ಸರೋವರಕ್ಕೆ ಹೊರಳಿಕೊಂಡರೆ ಗಳಿಗೆಗೊಂದು ನೀಲಿ. ಬಾತಲ್‌ನಿಂದ ಗ್ರಾಂಫೂವರೆಗೆ ರಸ್ತೆ ಅನ್ನುವುದಕ್ಕಿಂತ ಉರುಳುಗಲ್ಲುಗಳ ಸಾಲು. ಬಿಸಿಲೇರಿದಂತೆ ಹಿಮ ಕರಗಿ ನಾಲಾಗಳು ಉಕ್ಕುತ್ತವೆ, ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಮೊಣಕಾಲಿಗೆ ಬಂದಿರುತ್ತದೆ. ನಸುಕಿನಲ್ಲೇ ಹೊರಡಿ. ಬೂಟು ಬಿಚ್ಚಿ ಕೊರಳಿಗೆ ತೂಗುಹಾಕಿ, ಸೈಕಲ್ಲನ್ನು ನೀರು ಬರುವ ದಿಕ್ಕಿಗಲ್ಲ, ಹರಿದುಹೋಗುವ ದಿಕ್ಕಿಗೆ ಇಟ್ಟುಕೊಂಡು ದಾಟಿ.

ಗ್ರಾಂಫೂನಲ್ಲಿ ಡಾಂಬರು ಸಿಗುತ್ತದೆ, ರಸ್ತೆ ಕವಲೊಡೆಯುತ್ತದೆ. ಒಂದು ರೋಹ್ತಾಂಗ್ ಏರಿ ಮನಾಲಿಗೆ ಇಳಿದು ಊರಿನ ಬಸ್ಸು ಹಿಡಿಸುವ ದಾರಿ. ಇನ್ನೊಂದು ಚಂದ್ರಾ ನದಿಯ ಜೊತೆ ಕೇಲಾಂಗಿಗೆ, ಅಲ್ಲಿಂದ ಬಾರಾಲಾಚಾ ದಾಟಿ ಲಡಾಖಿಗೆ. ರಜೆ ಉಳಿದಿದ್ದರೆ, ಬ್ರೇಕ್ ಪ್ಯಾಡ್ ಸವೆದಿಲ್ಲದಿದ್ದರೆ, ಕೇಲಾಂಗಿನ ಕಡೆಗೇ ಹ್ಯಾಂಡಲ್ ತಿರುಗಿಸಿ!